ಹವ್ಯಾಸಿ ಕ್ಯಾಮೆರಾದಲ್ಲಿ ಉಳಿದ ಬೆಳಗಾವಿ

ಬೆಳಗಾವಿಯಿಂದ ಖಾನಾಪುರಕ್ಕೆ ಹೋಗುವ ಸುಮಾರು 25 ಕಿ.ಮೀ. ದಾರಿಯ ಇಕ್ಕೆಲದಲ್ಲೂ ದೊಡ್ಡ ಮರಗಳಿದ್ದವು. ಇಂದಿನ ಮಕ್ಕಳಿಗೆ ಅದನ್ನು ತೋರಿಸಬೇಕೆಂದರೆ ಹಳೆಯ ಫೋಟೊ ಹುಡುಕಬೇಕು. ಹೆದ್ದಾರಿ ಅಗಲವಾಯಿತು, ಮರಗಳು ಉರುಳಿದವು. ಉರುಳಿದ ಮರಗಳ ಲೆಕ್ಕ ಸರ್ಕಾರಿ ಕಡತದಲ್ಲಿ ಸಿಗಬಹುದು. ಆ ದಾರಿಯ ನೆರಳು ಹೇಗಿತ್ತು ಎಂಬುದಕ್ಕೆ ಮಾತ್ರ, ಭಾನುವಾರ ಬೈಕ್ ನಿಲ್ಲಿಸಿ ಯಾರೋ ತೆಗೆದ ಚಿತ್ರವೇ ಸಾಕ್ಷಿ. ಹವ್ಯಾಸವೆಂದು ನಾವು ಹಗುರವಾಗಿ ಕಂಡದ್ದು ಈ ಭಾಗದ ಚರಿತ್ರೆಗೆ ಆಧಾರವಾಗುತ್ತಿರುವುದು ಹೀಗೆ.

ಸಮೀಕ್ಷೆಯಿಂದ ಜೇಬಿನ ಫೋನಿಗೆ

ಈ ನಾಡಿಗೆ ಕ್ಯಾಮೆರಾ ಹೊಸದಲ್ಲ. ಬೆಳಗಾವಿ ಮತ್ತು ಕಲಾದಗಿ ಜಿಲ್ಲೆಗಳ ಪುರಾತತ್ವ ಸಮೀಕ್ಷೆಯ ವರದಿ 1874ರಲ್ಲೇ ಛಾಯಾಚಿತ್ರಗಳ ಸಮೇತ ಪ್ರಕಟವಾಗಿತ್ತು. ಆ ಕಾಲದ ಕ್ಯಾಮೆರಾ ನೋಡಿದ್ದು ಗುಡಿ, ಬಸದಿ, ಶಾಸನಗಳನ್ನು. ಪೇಟೆಯ ಜನ, ಕೆರೆಯ ದಂಡೆ, ಮಳೆಯ ದಿನ ಅದರ ಗುರಿಯಾಗಿರಲಿಲ್ಲ. ಮುಂದೆ 36 ಚಿತ್ರಗಳ ರೋಲ್ ಬಂದಾಗಲೂ ಕೊಳ್ಳುವ, ತೊಳೆಸುವ ಖರ್ಚು ನೆನೆದು ಮದುವೆ, ನಾಮಕರಣಗಳಿಗಷ್ಟೇ ಕ್ಯಾಮೆರಾ ಹೊರಬರುತ್ತಿತ್ತು. ಫೋನ್ ಆ ಲೆಕ್ಕಾಚಾರವನ್ನೇ ಅಳಿಸಿತು. ಖಡೇಬಜಾರದ ಸಂಜೆ, ಗಣೇಶೋತ್ಸವದ ಮೆರವಣಿಗೆ, ಕೋಟೆ ಕೆರೆಯ ಮುಂಜಾವು, 1204ರ ಕಮಲ ಬಸದಿಯ ಕಂಬಗಳ ಮೇಲಿನ ಬಿಸಿಲು ಎಲ್ಲವೂ ದಿನನಿತ್ಯ ದಾಖಲಾಗುತ್ತಿವೆ.

ಉದ್ಯಾನವೂ ನಿರ್ಬಂಧವೂ

ಟಿಳಕವಾಡಿಯ ವ್ಯಾಕ್ಸಿನ್ ಡಿಪೋ ಕಳೆದ ಶತಮಾನದ ಆರಂಭದಲ್ಲಿ ಸಿಡುಬಿನ ಲಸಿಕೆ ತಯಾರಿಕೆಗೆಂದು ಹುಟ್ಟಿದ ಜಾಗ. ಇಂದು ಅದು ನಗರದೊಳಗಿನ ಕಾಡು. ಬೆಳಗಾವಿ 2016ರಲ್ಲಿ ಸ್ಮಾರ್ಟ್ ಸಿಟಿಯ ಮೊದಲ ಪಟ್ಟಿಗೆ ಸೇರಿತು. ಮುಂದೆ ಈ ಆವರಣದಲ್ಲಿ ಕಾಮಗಾರಿ ಶುರುವಾದಾಗ ನಾಗರಿಕರು ವಿರೋಧಿಸಿದರು. ಇಂಥ ವಿವಾದಗಳಲ್ಲಿ ಬೆಳಗಿನ ನಡಿಗೆಯವರು ವರ್ಷಗಟ್ಟಲೆ ತೆಗೆದ ಹಕ್ಕಿ, ಮರ, ಚಿಟ್ಟೆಗಳ ಚಿತ್ರಗಳಿಗೆ ಸಾಕ್ಷ್ಯದ ತೂಕ ಬರಬಲ್ಲದು. ಯಾವ ದಿನ, ಎಲ್ಲಿ ತೆಗೆದದ್ದು ಎಂದು ಬರೆದಿಟ್ಟಿದ್ದರೆ ಮಾತ್ರ.

ದಂಡು ಪ್ರದೇಶದಲ್ಲಿ ಸೇನೆಯ ನೆಲೆಯಿರುವುದರಿಂದ ಅಲ್ಲಿನ ಸೇನಾ ಆವರಣಗಳ ಚಿತ್ರೀಕರಣಕ್ಕಿರುವ ನಿರ್ಬಂಧ ಪ್ರಶ್ನಾತೀತ. ಆದರೆ ಸಾರ್ವಜನಿಕ ಉದ್ಯಾನದಲ್ಲೂ ಕ್ಯಾಮೆರಾ ಕಂಡೊಡನೆ ಅನುಮಾನಿಸುವುದು ಸರಿಯಲ್ಲ. ಇನ್ನೊಂದು ಬದಿಯ ಅಳಲೂ ನಿಜ: ಸಂತೆಯಲ್ಲಿ ಕುಳಿತ ತರಕಾರಿ ಮಾರುವಾಕೆಯನ್ನಾಗಲಿ, ಖಾನಾಪುರದ ಕುಂಬಾರನನ್ನಾಗಲಿ ಒಂದು ಮಾತು ಕೇಳದೆ ಸೆರೆಹಿಡಿದು ಲೋಕಕ್ಕೆಲ್ಲ ಹಂಚುವ ಹಕ್ಕು ಯಾರಿಗೂ ಇಲ್ಲ.

ಭೀಮಗಡದ ಹೊಸ್ತಿಲು

ಖಾನಾಪುರ ದಾಟಿದರೆ ಪ್ರಶ್ನೆ ಇನ್ನಷ್ಟು ಸೂಕ್ಷ್ಮ. ಮಲಪ್ರಭೆ ಹುಟ್ಟುವ ಕಣಕುಂಬಿಯಿಂದ ಮಹದಾಯಿಯ ಕಣಿವೆಯವರೆಗೆ ಹಬ್ಬಿದ ಸಹ್ಯಾದ್ರಿಯ ಈ ಕಾಡಿನಲ್ಲಿ ಸುಮಾರು 190 ಚ.ಕಿ.ಮೀ. ಪ್ರದೇಶವನ್ನು 2011ರಲ್ಲಿ ಭೀಮಗಡ ವನ್ಯಜೀವಿಧಾಮವೆಂದು ಘೋಷಿಸಲಾಯಿತು. ಇಲ್ಲಿನ ಬಾರಾಪೇಡೆ ಗುಹೆಗಳಲ್ಲಿ ವಾಸಿಸುವ ಒಂದು ಅಪರೂಪದ ಬಾವಲಿ ವಿಜ್ಞಾನಕ್ಕೆ ಪರಿಚಯವಾದದ್ದು 1913ರಲ್ಲಿ. ಅದು ಜಗತ್ತಿನಲ್ಲಿ ಬೇರೆಲ್ಲೂ ಇಲ್ಲವೆಂದೇ ದಶಕಗಳ ಕಾಲ ನಂಬಲಾಗಿತ್ತು. ಹಗಲು ನೇತಾಡಿ ನಿದ್ರಿಸುವ ಇಂಥ ಜೀವಿಗೆ ಒಂದು ಫ್ಲ್ಯಾಶ್ ಕೂಡ ದಾಳಿಯೇ. ಹಕ್ಕಿಯ ಕೂಗನ್ನು ಫೋನಿನಲ್ಲಿ ನುಡಿಸಿ ಅದನ್ನು ಹತ್ತಿರ ಕರೆಯುವುದು, ಗೂಡಿನ ಮುಂದಿನ ಎಲೆ ಕೀಳುವುದು, ಕಪ್ಪೆಯನ್ನು ಎತ್ತಿ ಬೆಳಕಿರುವ ಕಲ್ಲಿನ ಮೇಲಿಡುವುದು ಇವೆಲ್ಲ ಮಳೆಗಾಲದ ಕಾಡುಗಳಲ್ಲಿ ಕಾಣುವ ಚಾಳಿಗಳು. ಚಿತ್ರದೊಳಗೇ ಅಡಗಿರುವ ಸ್ಥಳದ ಗುರುತು ಬೇಟೆಗಾರನಿಗೂ ದಾರಿ ತೋರಿಸಬಲ್ಲದು.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ವನ್ಯಧಾಮದೊಳಗೆ ಚಿತ್ರ ತೆಗೆಯಲು ಅನುಮತಿಯನ್ನು ಕಡ್ಡಾಯವಾಗಿಸಿದೆ. ಇದು ಹವ್ಯಾಸಿಗಳನ್ನು ಕಾಡಿನಿಂದ ದೂರವಿಡುತ್ತದೆ, ನೋಡದ ಕಾಡನ್ನು ಜನ ಪ್ರೀತಿಸಲಾರರು ಎಂಬ ವಾದದಲ್ಲಿ ಹುರುಳಿದೆ. ಆದರೂ ಕಾಡಿನೊಳಗೆ ಕಟ್ಟುಪಾಡು, ಊರೊಳಗೆ ಮುಕ್ತತೆ ಎಂಬ ವಿಂಗಡಣೆಯೇ ನ್ಯಾಯವೆನಿಸುತ್ತದೆ. ಗುಹೆಯ ಬಾಗಿಲಲ್ಲಂತೂ ಕ್ಯಾಮೆರಾ ಚೀಲದಲ್ಲೇ ಇರಲಿ.

ಬರಹವಿಲ್ಲದ ಚಿತ್ರ

ಉಳಿದಿರುವ ದೊಡ್ಡ ಕೊರತೆ ಸಂಗ್ರಹದ್ದು. ಲಕ್ಷಾಂತರ ಚಿತ್ರಗಳು ಫೋನಿನಲ್ಲಿ ಹುಟ್ಟಿ, ಫೋನು ಕೆಟ್ಟಾಗ ಅದರೊಂದಿಗೇ ಹೋಗುತ್ತಿವೆ. ಜಿಲ್ಲೆಯ ಗ್ರಂಥಾಲಯ, ಕಾಲೇಜುಗಳಲ್ಲಿ ಇವಕ್ಕೊಂದು ಭಂಡಾರ ತೆರೆಯುವುದು ದುಬಾರಿ ಕೆಲಸವಲ್ಲ. ಚಿತ್ರ ಕೊಡುವವರು ಗಲ್ಲಿಯ ಹೆಸರು ಮತ್ತು ತಾರೀಖಿನ ಜೊತೆ ಸ್ಥಳೀಯ ಹೆಸರುಗಳನ್ನೂ ಬರೆಯಬೇಕು. ಈ ಗಡಿಸೀಮೆಯಲ್ಲಿ ಒಬ್ಬರ ಮತ್ತಿ ಮರ ಪಕ್ಕದ ಮನೆಯವರಿಗೆ ಐನ್. ಒಬ್ಬರ ನೇರಳೆ ಇನ್ನೊಬ್ಬರ ಜಾಂಭೂಳ. ಎರಡೂ ಹೆಸರು ಚಿತ್ರದ ಕೆಳಗಿದ್ದರೆ ಇಪ್ಪತ್ತು ವರ್ಷಗಳ ನಂತರ ಹುಡುಕುವವರಿಗೆ ಆ ಮರ ಸಿಕ್ಕೀತು.