ವೈದ್ಯರಿಗಿಂತ ಮೊದಲು ಬ್ರೌಸರಿಗೆ ತಿಳಿಯುವ ಕಾಯಿಲೆ

ವೈದ್ಯನ ಕೋಣೆಯೊಳಗೆ ಆಡಿದ ಮಾತು ಹೊರಗೆ ಹೋಗಬಾರದೆಂಬುದು ನಮ್ಮ ವೃತ್ತಿಯಷ್ಟೇ ಹಳೆಯದಾದ ಕಟ್ಟಳೆ. ಅಮೆರಿಕದಲ್ಲಿ ಅದಕ್ಕೆ 1996ರ ಹಿಪಾ ಕಾಯಿದೆಯ ಬಲವೂ ಇದೆ. ಆಸ್ಪತ್ರೆಯ ಲಿಫ್ಟಿನಲ್ಲಿ ರೋಗಿಯೊಬ್ಬರ ಹೆಸರೆತ್ತಿ ಮಾತನಾಡಲು ನಾವು ಹಿಂಜರಿಯುತ್ತೇವೆ. ಆದರೆ ಈ ಕಾಯಿದೆ ಕಟ್ಟಿಹಾಕುವುದು ವೈದ್ಯರನ್ನು, ಆಸ್ಪತ್ರೆಗಳನ್ನು, ವಿಮಾ ಕಂಪನಿಗಳನ್ನು ಮತ್ತು ಅವರ ಪರವಾಗಿ ದುಡಿಯುವವರನ್ನು ಮಾತ್ರ. ನನ್ನ ಬಳಿಗೆ ಬರುವ ಮುನ್ನ ರೋಗಿಯು ರಾತ್ರಿ ಎರಡು ಗಂಟೆಗೆ ನಿದ್ದೆಗೆಟ್ಟು, ಕೈ ನಡುಕ ಯಾವ ರೋಗದ ಲಕ್ಷಣವೆಂದು ಹುಡುಕಿದ್ದು ಸಾಮಾನ್ಯವಾಗಿ ಈ ಬೇಲಿಯ ಆಚೆಗೇ ಉಳಿಯುತ್ತದೆ. ಇಂದು ಮೊದಲ ಸಮಾಲೋಚನೆ ನಡೆಯುವುದು ಅಲ್ಲಿಯೇ. ಆದುದರಿಂದ ಯಾವ ಬ್ರೌಸರ್ ಬಳಸಬೇಕೆಂಬ ಪ್ರಶ್ನೆಯನ್ನು ಸಾಫ್ಟ್‌ವೇರ್ ಮಿತ್ರರಿಗಷ್ಟೇ ಬಿಟ್ಟುಕೊಡಲು ನನಗೆ ಮನಸ್ಸಿಲ್ಲ.

ಇದು ಬರಿಯ ಆತಂಕವಲ್ಲ. ಊರಿನಿಂದ ಬಂದ ತಂದೆತಾಯಿಯರಿಗೆ ಇಲ್ಲಿ ವಿಮೆ ಇಲ್ಲದಾಗ, ರಕ್ತದೊತ್ತಡದ ಮಾತ್ರೆಯನ್ನು ರಿಯಾಯಿತಿ ದರದಲ್ಲಿ ಕೊಳ್ಳಲು ನಮ್ಮವರು ಗುಡ್‌ಆರ್‌ಎಕ್ಸ್ ಎಂಬ ಸೇವೆಯನ್ನು ಬಳಸುವುದುಂಟು. ಬಳಕೆದಾರರ ಔಷಧಿ ಮತ್ತು ಕಾಯಿಲೆಗಳ ಮಾಹಿತಿಯನ್ನು ಅದು ಫೇಸ್‌ಬುಕ್, ಗೂಗಲ್ ಮೊದಲಾದ ಕಂಪನಿಗಳಿಗೆ ಒದಗಿಸಿತೆಂದು ಫೆಡರಲ್ ಟ್ರೇಡ್ ಕಮಿಷನ್ 2023ರ ಫೆಬ್ರುವರಿಯಲ್ಲಿ ಆರೋಪಿಸಿತು. ತಪ್ಪನ್ನು ಒಪ್ಪಿಕೊಳ್ಳದೆಯೇ ಸಂಸ್ಥೆಯು 15 ಲಕ್ಷ ಡಾಲರ್ ದಂಡ ತೆರಲು ಸಮ್ಮತಿಸಿತು. ಅದರ ಹಿಂದಿನ ವರ್ಷ ದಿ ಮಾರ್ಕಪ್ ಎಂಬ ಸುದ್ದಿಸಂಸ್ಥೆ ದೇಶದ 100 ಪ್ರಮುಖ ಆಸ್ಪತ್ರೆಗಳ ಜಾಲತಾಣಗಳನ್ನು ಪರಿಶೀಲಿಸಿದಾಗ 33ರಲ್ಲಿ ಮೆಟಾ ಪಿಕ್ಸೆಲ್ ಕಂಡುಬಂದಿತು. ವೈದ್ಯರ ಭೇಟಿಗೆ ಸಮಯ ಕೇಳಿ ಗುಂಡಿ ಒತ್ತಿದರೆ, ಆ ಸಂಗತಿ ಫೇಸ್‌ಬುಕ್‌ಗೂ ತಲುಪುತ್ತಿತ್ತು.

ಇದು ನಡೆಯುವ ಬಗೆ ಸರಳವಾದದ್ದು. 1994ರಲ್ಲಿ ನೆಟ್‌ಸ್ಕೇಪ್‌ನ ಲೂ ಮಾಂಟುಲಿ ರೂಪಿಸಿದ ಕುಕಿ ಎಂಬುದು ಮೂಲತಃ ದೇವಸ್ಥಾನದ ಹೊರಗೆ ಚಪ್ಪಲಿ ಕಾಯುವವನು ಕೊಡುವ ಟೋಕನ್ ಇದ್ದಂತೆ. ಮರಳಿ ಬಂದಾಗ ನಮ್ಮನ್ನು ಗುರುತಿಸಲು ಅದು ಬೇಕು. ತೊಂದರೆ ಇರುವುದು ಮೂರನೆಯವರ ಕುಕಿಯಲ್ಲಿ. ಒಬ್ಬನೇ ಮನುಷ್ಯ ದೇವಸ್ಥಾನದ ಮುಂದೆ, ಔಷಧಿ ಅಂಗಡಿಯ ಮುಂದೆ, ವಕೀಲರ ಮನೆಯ ಮುಂದೆ, ಎಲ್ಲ ಕಡೆಯೂ ನಿಂತು ನಿಮ್ಮ ಕೈಯಲ್ಲಿರುವ ಅದೇ ಟೋಕನಿನ ಸಂಖ್ಯೆಯನ್ನು ಬರೆದುಕೊಳ್ಳುತ್ತಿದ್ದಾನೆಂದು ಊಹಿಸಿಕೊಳ್ಳಿ. ಹೆಸರು ತಿಳಿಯದಿದ್ದರೂ ನಿಮ್ಮ ಕಥೆಯೆಲ್ಲ ಅವನ ಪುಸ್ತಕದಲ್ಲಿರುತ್ತದೆ.

ನಮ್ಮ ಕಡೆಯವರೇ ಆದ ಹಿರಿಯರೊಬ್ಬರು ತಮಗೆ ಪಾರ್ಕಿನ್ಸನ್ ಇರಬಹುದೆಂಬ ಸಂದೇಹವನ್ನು ಪತ್ನಿಗೆ ತಿಳಿಸಿರಲಿಲ್ಲ. ಮಗಳ ಮದುವೆ ಮುಗಿಯಲೆಂದು ಕಾಯುತ್ತಿದ್ದರು. ಮನೆಮಂದಿಯೆಲ್ಲ ಬಳಸುವ ಲ್ಯಾಪ್‌ಟಾಪಿನಲ್ಲಿ ಹುಡುಕಾಟದ ಇತಿಹಾಸವನ್ನು ಜಾಗರೂಕತೆಯಿಂದ ಅಳಿಸಿಯೂ ಇದ್ದರು. ಆದರೂ ಕೈ ನಡುಗುವವರಿಗಾಗಿ ಮಾಡಿದ ಭಾರವಾದ ಚಮಚಗಳ ಜಾಹೀರಾತು ಪುಟಪುಟದಲ್ಲಿಯೂ ಬರತೊಡಗಿತು. ‘ಯಾರಿಗ್ರೀ ಈ ಚಮಚ?’ ಎಂದು ಪತ್ನಿ ಕೇಳಿದರಂತೆ. ಆ ಸುದ್ದಿಯನ್ನು ಯಾವಾಗ, ಹೇಗೆ ಹೇಳಬೇಕೆಂದು ನಿರ್ಧರಿಸುವ ಹಕ್ಕು ಅವರದಾಗಿತ್ತು. ಚಮಚ ಮಾರುವವರು ಅದನ್ನು ಕಸಿದುಕೊಂಡರು.

ಇನ್‌ಕಾಗ್ನಿಟೋ ಕಿಟಕಿ ತೆರೆದರೆ ಸಾಲದೇ ಎಂದು ಅನೇಕರು ಕೇಳುತ್ತಾರೆ. ಅದು ನಿಮ್ಮ ಸಾಧನದಲ್ಲಿ ಉಳಿಯುವ ಗುರುತನ್ನಷ್ಟೇ ಅಳಿಸುತ್ತದೆ. ನೀವು ಭೇಟಿಯಿತ್ತ ತಾಣಕ್ಕೂ, ಇಂಟರ್‌ನೆಟ್ ಕಂಪನಿಗೂ, ಕಚೇರಿಯ ಜಾಲವಾದರೆ ಉದ್ಯೋಗದಾತರಿಗೂ ನೀವು ಕಾಣುತ್ತಲೇ ಇರುತ್ತೀರಿ. ಈ ಕಿಟಕಿಯ ಕುರಿತು 2020ರಲ್ಲಿ ಹೂಡಲಾದ ಮೊಕದ್ದಮೆಯ ರಾಜಿಯಲ್ಲಿ, ಸಂಗ್ರಹಿಸಿದ್ದ ಕೋಟ್ಯಂತರ ದಾಖಲೆಗಳನ್ನು ನಾಶಪಡಿಸಲು ಗೂಗಲ್ 2024ರಲ್ಲಿ ಒಪ್ಪಿತು. ಇನ್ನು ಕಚೇರಿಯ ಕಂಪ್ಯೂಟರಿನಲ್ಲಿ ಸ್ವಂತ ಕಾಯಿಲೆಯ ಬಗ್ಗೆ ಯಾವ ಬ್ರೌಸರಿನಲ್ಲಿಯೂ ಹುಡುಕಬಾರದು.

ಹಾಗಾದರೆ ಯಾವುದನ್ನು ಆರಿಸಿಕೊಳ್ಳುವುದು? ನನ್ನ ಅಳತೆಗೋಲು ಒಂದೇ: ಸೆಟ್ಟಿಂಗ್ಸ್ ಮುಟ್ಟದ ಮನುಷ್ಯನಿಗೆ ಅದು ಎಷ್ಟು ರಕ್ಷಣೆ ಕೊಡುತ್ತದೆ? ಮಾತ್ರೆಯ ಜೊತೆ ಕೊಟ್ಟ ಚೀಟಿಯನ್ನು ಯಾರೂ ಓದುವುದಿಲ್ಲವೆಂಬುದು ಮೂವತ್ತು ವರ್ಷಗಳ ಅನುಭವ. ಈ ಪರೀಕ್ಷೆಯಲ್ಲಿ ಕ್ರೋಮ್ ಹಿಂದೆ ಬೀಳುತ್ತದೆ. ಮೂರನೆಯವರ ಕುಕಿಗಳನ್ನು ಎರಡು ವರ್ಷಗಳಲ್ಲಿ ನಿಲ್ಲಿಸುವೆನೆಂದು ಗೂಗಲ್ 2020ರಲ್ಲಿ ಹೇಳಿತ್ತು. ಗಡುವನ್ನು ಮತ್ತೆ ಮತ್ತೆ ಮುಂದೂಡಿ 2024ರಲ್ಲಿ ಆ ಯೋಜನೆಯನ್ನೇ ಕೈಬಿಟ್ಟಿತು. ಜಾಹೀರಾತಿನಿಂದ ಬದುಕುವ ಕಂಪನಿಯಿಂದ ಬೇರೇನನ್ನು ನಿರೀಕ್ಷಿಸಲಾದೀತು? ಆಪಲ್‌ನ ಸಫಾರಿ 2020ರ ಮಾರ್ಚ್‌ನಿಂದಲೇ ಅವುಗಳನ್ನು ತಡೆಯುತ್ತಿದೆ. ಐಫೋನ್ ಇರುವವರು ಅದನ್ನೇ ಇಟ್ಟುಕೊಂಡರೆ ನಷ್ಟವಿಲ್ಲ. ಅಮೆರಿಕದ ಐಫೋನಿನಲ್ಲಿ ಯಾವ ಬ್ರೌಸರ್ ಹಾಕಿದರೂ ಒಳಗಿನ ಎಂಜಿನ್ ಆಪಲ್‌ನದೇ.

ಕಂಪ್ಯೂಟರಿನಲ್ಲಿ ನನ್ನ ಆಯ್ಕೆ ಫೈರ್‌ಫಾಕ್ಸ್. 2022ರಿಂದ ಅದು ಪ್ರತಿಯೊಂದು ತಾಣದ ಕುಕಿಗಳನ್ನೂ ಪ್ರತ್ಯೇಕ ಡಬ್ಬಿಯಲ್ಲಿಡುತ್ತದೆ. ಒಂದು ಕಡೆಯ ಟೋಕನ್ ಇನ್ನೊಂದು ಕಡೆ ನಡೆಯದು. ಯುಬ್ಲಾಕ್ ಒರಿಜಿನ್ ಎಂಬ ಉಚಿತ ಎಕ್ಸ್‌ಟೆನ್ಷನ್ ಸೇರಿಸಿಕೊಂಡರೆ ಬೇಹುಗಾರರ ಕೋರಿಕೆಗಳಲ್ಲಿ ಹೆಚ್ಚಿನವು ಹೊರಡುವುದೇ ಇಲ್ಲ. ಕ್ರೋಮ್‌ನ ಹೊಸ ನಿಯಮಗಳಿಂದಾಗಿ ಇದರ ಪೂರ್ಣ ಆವೃತ್ತಿ ಅಲ್ಲಿ ನಿಂತುಹೋಗಿದೆ. ಹಾಗೆಂದು ಫೈರ್‌ಫಾಕ್ಸ್ ಋಷ್ಯಾಶ್ರಮವೇನಲ್ಲ. ಅದನ್ನು ರೂಪಿಸುವ ಮೊಜಿಲ್ಲಾದ ಆದಾಯದ ಬಹುಪಾಲು ಬರುವುದು ಗೂಗಲನ್ನು ಹುಡುಕಾಟದ ಮೊದಲ ಆಯ್ಕೆಯಾಗಿ ಇರಿಸುವುದಕ್ಕಾಗಿ ಗೂಗಲ್ ಕೊಡುವ ಹಣದಿಂದಲೇ. ಉಪ್ಪು ತಿಂದ ಮನೆಯ ಎದುರೇ ಕಾವಲು ನಿಂತಂತಿದೆ ಅದರ ಸ್ಥಿತಿ. ನಾನು ಆ ಆಯ್ಕೆಯನ್ನು ಬದಲಿಸಿ ಡಕ್‌ಡಕ್‌ಗೋ ಇಟ್ಟುಕೊಂಡಿದ್ದೇನೆ.

ಕ್ರೋಮ್‌ನ ಅಭ್ಯಾಸ ಬಿಡಲಾರದವರಿಗೆ ಬ್ರೇವ್ ಇದೆ. ಅದೇ ಬಗೆಯ ಎಂಜಿನ್, ಆದರೆ ಜಾಡು ಹಿಡಿಯುವವರನ್ನು ಮೊದಲಿನಿಂದಲೇ ತಡೆಯುತ್ತದೆ. ಅದರ ಕ್ರಿಪ್ಟೊ ಗುಂಡಿಗಳು ನನಗೆ ಸೇರುವುದಿಲ್ಲ, ಆದರೆ ಮರೆಮಾಡಬಹುದು. ಟಾರ್ ಅತ್ಯಂತ ಬಿಗಿಯಾದದ್ದು. ದಿನಬಳಕೆಗೆ ನಿಧಾನ, ಬ್ಯಾಂಕುಗಳು ಅದನ್ನು ಕಂಡರೆ ಬಾಗಿಲು ಹಾಕುತ್ತವೆ.

ಕುಕಿ ಇಲ್ಲದೆಯೂ ಗುರುತಿಸುವ ವಿದ್ಯೆಯೊಂದಿದೆ: ಪರದೆಯ ಅಳತೆ, ಸಮಯವಲಯ, ಭಾಷೆ, ಅಕ್ಷರಶೈಲಿಗಳನ್ನು ಕೂಡಿಸಿ ಬೆರಳಚ್ಚಿನಂತೆ ಬಳಸುವುದು. ಇದರಲ್ಲಿ ಕನ್ನಡಿಗರಿಗೆ ಒಂದು ವಿಶೇಷ ತೊಡಕುಂಟು. ಅಮೆರಿಕದ ಸಮಯವಲಯದಲ್ಲಿ ಕನ್ನಡವನ್ನು ಮೊದಲ ಭಾಷೆಯಾಗಿ ಇಟ್ಟುಕೊಂಡು, ಬರಹ ಅಥವಾ ನುಡಿಯ ಅಕ್ಷರಗಳನ್ನು ಅಳವಡಿಸಿಕೊಂಡ ಕಂಪ್ಯೂಟರುಗಳು ವಿರಳ. ಜಾತ್ರೆಯಲ್ಲಿ ಹಳದಿ ಪೇಟ ಸುತ್ತಿಕೊಂಡು ನಿಂತಂತೆ. ಸಫಾರಿ 2018ರಿಂದ ಜಾಲತಾಣಗಳಿಗೆ ತನ್ನ ಸಿದ್ಧ ಅಕ್ಷರಶೈಲಿಗಳನ್ನಷ್ಟೇ ತೋರಿಸುತ್ತದೆ. ಟಾರ್ ಎಲ್ಲ ಬಳಕೆದಾರರೂ ಒಂದೇ ರೀತಿ ಕಾಣುವಂತೆ ಮಾಡಲು ಯತ್ನಿಸುತ್ತದೆ. ಕನ್ನಡವನ್ನು ತೆಗೆದುಹಾಕಿರೆಂದು ನಾನಂತೂ ಹೇಳಲಾರೆ.

ಯಾವ ಬ್ರೌಸರಾದರೂ ಮಾಡಲಾಗದ್ದೊಂದಿದೆ: ಗೂಗಲ್ ಅಥವಾ ಫೇಸ್‌ಬುಕ್ ಖಾತೆಗೆ ಲಾಗಿನ್ ಆಗಿ ಅಲ್ಲಿಯೇ ಹುಡುಕಿದರೆ ಅದು ನಿಮ್ಮನ್ನು ಕಾಪಾಡದು. ಕೆಲವೊಮ್ಮೆ ಬ್ಯಾಂಕಿನ ಪುಟ ತೆರೆಯದೆ ಹೋಗುತ್ತದೆ. ಫೈರ್‌ಫಾಕ್ಸ್‌ನಲ್ಲಾದರೆ ವಿಳಾಸಪಟ್ಟಿಯ ಬಳಿಯ ಗುರಾಣಿಯ ಚಿಹ್ನೆ ಒತ್ತಿ ಆ ತಾಣಕ್ಕಷ್ಟೇ ತಡೆಯನ್ನು ಸಡಿಲಿಸಬಹುದು.

ಆಂಡ್ರಾಯ್ಡ್ ಫೋನಿನ ಫೈರ್‌ಫಾಕ್ಸ್‌ಗೂ ಯುಬ್ಲಾಕ್ ಸೇರಿಸಬಹುದು; ಮೆನುಗಳು ಕನ್ನಡದಲ್ಲಿಯೂ ದೊರೆಯುತ್ತವೆ. ಕಳೆದ ಸಲ ಮೈಸೂರಿಗೆ ಹೋದಾಗ ಅಮ್ಮನ ಫೋನಿನಲ್ಲಿ ಹಾಕಿಕೊಟ್ಟೆ. ಖಾಸಗಿತನದ ನನ್ನ ಉಪನ್ಯಾಸ ಅವರಿಗೆ ಬೇಕಾಗಿರಲಿಲ್ಲ. ಸುದ್ದಿ ಓದುವಾಗ ನಡುವೆ ಜಿಗಿದು ಬರುವ ಜಾಹೀರಾತು ನಿಂತಿತಲ್ಲ ಎಂಬುದೇ ಅವರ ಸಂತೋಷ. ಪತ್ರಿಕೆಯವರು ಕ್ಷಮಿಸಬೇಕು, ಉಚಿತವಾಗಿ ಓದುವ ತಾಣಕ್ಕೆ ಜಾಹೀರಾತೇ ಅನ್ನವಾದುದರಿಂದ, ಅಂಥ ಪುಟಗಳಿಗೆ ಮಾತ್ರ ತಡೆಯನ್ನು ತೆಗೆಯುವ ಗುಂಡಿಯನ್ನೂ ಅವರಿಗೆ ತೋರಿಸಿ ಬಂದಿದ್ದೇನೆ.