ಇಳಿಜಾರಿನಲ್ಲಿ ನ್ಯೂಟ್ರಲ್ ಹಾಕಿದರೆ ಡೀಸೆಲ್ ಉಳಿಯುತ್ತದೆಯೇ? ಹಳೆ ಗಾಡಿಯ ಜಾತ್ರೆ ಪ್ರಯಾಣದ ಐದು ನಂಬಿಕೆಗಳು

ತ್ವರಿತ ನೋಟ

ಹಳೆಯ ಡೀಸೆಲ್ ಗಾಡಿಯಲ್ಲಿ ಕುಟುಂಬ ಸಮೇತ ಜಾತ್ರೆಗೆ ಹೋಗುವವರಲ್ಲಿ ಕೆಲವು ನಂಬಿಕೆಗಳು ಗಟ್ಟಿಯಾಗಿ ಬೇರೂರಿವೆ. ಅವುಗಳಲ್ಲಿ ಐದನ್ನು ನಾವು ಪರಿಶೀಲಿಸಿದ್ದೇವೆ. ನಾಲ್ಕು ತಪ್ಪು, ಒಂದು ಅರ್ಧ ಸತ್ಯ. ಇವುಗಳಲ್ಲಿ ಕನಿಷ್ಠ ಮೂರು ನೇರವಾಗಿ ಜೀವಕ್ಕೆ ಸಂಬಂಧಿಸಿದವು.

ಈ ಲೇಖನ ಯಾಕೆ?

ನವಲಗುಂದ, ಅಣ್ಣಿಗೇರಿ, ಕುಂದಗೋಳ ಕಡೆ 'ಕ್ಯಾಂಪರ್ ವ್ಯಾನ್' ಎಂಬ ಮಾತು ಹೆಚ್ಚು ಬಳಕೆಯಲ್ಲಿಲ್ಲ. ಆದರೆ ಆ ಕೆಲಸ ಮಾಡುವ ಗಾಡಿಗಳು ಬೇಕಾದಷ್ಟಿವೆ. ಬನದ ಹುಣ್ಣಿಮೆಗೆ ಬಾದಾಮಿಯ ಬನಶಂಕರಿ, ಭಾರತ ಹುಣ್ಣಿಮೆಗೆ ಸವದತ್ತಿಯ ಯಲ್ಲಮ್ಮನಗುಡ್ಡ ಎಂದರೆ ಹಳೆಯ ಟೆಂಪೊ ಟ್ರಾವೆಲರ್ ಅಥವಾ ಟ್ರ್ಯಾಕ್ಸ್ ಸಜ್ಜಾಗುತ್ತದೆ. ಸೀಟಿನ ಮೇಲೆ ಜಮಖಾನೆ, ಮೇಲಿನ ಕ್ಯಾರಿಯರ್‌ನಲ್ಲಿ ಪಾತ್ರೆ ಮತ್ತು ಹಾಸಿಗೆ, ಒಳಗೆ ರೊಟ್ಟಿ ಬುತ್ತಿ, ಮೂಲೆಯಲ್ಲಿ ಸಣ್ಣ ಗ್ಯಾಸ್ ಒಲೆ. ರಾತ್ರಿ ನಿದ್ದೆಯೂ ಗಾಡಿಯಲ್ಲೇ. ಜೊತೆಗೆ ಅದೇ ಊರಿನ ಟ್ರ್ಯಾಕ್ಟರ್ ಟ್ರೇಲರ್ ಹಿಡಿದು ಹೊರಡುತ್ತದೆ. ದಾರಿಯಲ್ಲಿ ಗಾಡಿ ಕೆಟ್ಟರೆ ಹಗ್ಗ ಕಟ್ಟಿ ಎಳೆಯುವುದೂ ಅದೇ ಟ್ರ್ಯಾಕ್ಟರ್.

ಈ ಗಾಡಿಗಳ ಎಂಜಿನ್ ಗಟ್ಟಿ. ಟ್ರಾವೆಲರ್ ಮತ್ತು ಟ್ರ್ಯಾಕ್ಸ್‌ಗಳಲ್ಲಿ ಬಹುಕಾಲ ಬಳಕೆಯಲ್ಲಿದ್ದದ್ದು ಮರ್ಸಿಡಿಸ್ ಮೂಲದ ಒಎಂ616 ಎಂಬ ನಾಲ್ಕು ಸಿಲಿಂಡರಿನ, 2.4 ಲೀಟರಿನ ಡೀಸೆಲ್ ಎಂಜಿನ್. ಚೆನ್ನಾಗಿ ನೋಡಿಕೊಂಡರೆ ಲಕ್ಷಾಂತರ ಕಿಲೋಮೀಟರ್ ಓಡುತ್ತದೆ. ಆದರೆ ಎಂಜಿನ್ ಗಟ್ಟಿ ಇದ್ದ ಮಾತ್ರಕ್ಕೆ ಬ್ರೇಕ್, ರೇಡಿಯೇಟರ್, ಸೈಲೆನ್ಸರ್ ಎಲ್ಲವೂ ಗಟ್ಟಿ ಇವೆ ಎಂದಲ್ಲ. ಇದು ನೆನಪಿರಲಿ. ಈಗ ಒಂದೊಂದಾಗಿ ನೋಡೋಣ.

ನಂಬಿಕೆ 1: ಇಳಿಜಾರಿನಲ್ಲಿ ನ್ಯೂಟ್ರಲ್ ಹಾಕಿದರೆ ಡೀಸೆಲ್ ಉಳಿಯುತ್ತದೆ

ತಪ್ಪು. ಗಾಡಿ ಗೇರಿನಲ್ಲಿದ್ದು ನೀವು ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಚಕ್ರಗಳೇ ಎಂಜಿನ್ ಅನ್ನು ತಿರುಗಿಸುತ್ತವೆ. ಆಗ ಡೀಸೆಲ್ ಪಂಪಿನ ಗವರ್ನರ್ ಇಂಧನವನ್ನು ಹೆಚ್ಚುಕಡಿಮೆ ಪೂರ್ತಿ ನಿಲ್ಲಿಸುತ್ತದೆ. ನ್ಯೂಟ್ರಲ್ ಹಾಕಿದರೆ ಎಂಜಿನ್ ತನ್ನಷ್ಟಕ್ಕೆ ತಾನೇ ತಿರುಗಬೇಕು. ಅದಕ್ಕೆ ಡೀಸೆಲ್ ಬೇಕೇ ಬೇಕು. ಉಳಿಸಲು ಹೊರಟವರು ಖರ್ಚು ಮಾಡುತ್ತಿರುತ್ತಾರೆ.

ದೊಡ್ಡ ಅಪಾಯ ಬೇರೆಯೇ ಇದೆ. ಜನ, ಸಾಮಾನು ಸೇರಿ ಎರಡೂವರೆ ಟನ್ ತೂಗುವ ಗಾಡಿ 100 ಮೀಟರ್ ಎತ್ತರದಿಂದ ಇಳಿಯುತ್ತದೆ ಎಂದುಕೊಳ್ಳಿ. ಆ ಇಳಿತದಲ್ಲಿ ಬಿಡುಗಡೆಯಾಗುವ ಶಕ್ತಿ ಸುಮಾರು 8 ಲೀಟರ್ ತಣ್ಣೀರನ್ನು ಕುದಿಸುವಷ್ಟು. ಗಾಡಿಯ ವೇಗ ಹೆಚ್ಚದಿರಬೇಕಾದರೆ ಆ ಶಕ್ತಿ ಎಲ್ಲಾದರೂ ಕರಗಬೇಕು. ಗೇರಿನಲ್ಲಿದ್ದರೆ ಒಂದು ಪಾಲನ್ನು ಎಂಜಿನ್ ಹೊರುತ್ತದೆ. ನ್ಯೂಟ್ರಲ್‌ನಲ್ಲಿ ಬಹುಪಾಲು ಭಾರ ಬ್ರೇಕಿನ ಮೇಲೆಯೇ ಬೀಳುತ್ತದೆ.

ಬ್ರೇಕ್ ಲೈನರ್ ಅತಿಯಾಗಿ ಕಾದರೆ ಹಿಡಿತ ಕಳೆದುಕೊಳ್ಳುತ್ತದೆ. ಬ್ರೇಕ್ ಎಣ್ಣೆಯದು ಇನ್ನೊಂದು ಕಥೆ. ಅದು ಗಾಳಿಯಲ್ಲಿನ ತೇವಾಂಶ ಹೀರಿಕೊಳ್ಳುತ್ತದೆ. ಡಾಟ್ 3 ದರ್ಜೆಯ ಹೊಸ ಎಣ್ಣೆ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ಮಾನದಂಡ. ತೇವ ಹೀರಿದ ಎಣ್ಣೆಗೆ ಈ ಮಿತಿ 140 ಡಿಗ್ರಿಗೆ ಇಳಿಯುತ್ತದೆ. ಎಣ್ಣೆ ಕುದಿದರೆ ಪೈಪಿನಲ್ಲಿ ಆವಿಯ ಗುಳ್ಳೆ ಏಳುತ್ತದೆ. ದ್ರವವನ್ನು ಒತ್ತಿದರೆ ಅದು ಒತ್ತಡವನ್ನು ಚಕ್ರಕ್ಕೆ ದಾಟಿಸುತ್ತದೆ. ಆವಿ ಹಾಗಲ್ಲ, ಕುಗ್ಗಿಬಿಡುತ್ತದೆ. ಪೆಡಲ್ ನೆಲಕ್ಕೆ ತಾಗುತ್ತದೆ, ಗಾಡಿ ನಿಲ್ಲುವುದಿಲ್ಲ. 'ಬ್ರೇಕ್ ಫೇಲ್' ಎಂದು ನಾವು ಕೇಳುವ ಅನೇಕ ಸುದ್ದಿಗಳ ಹಿಂದೆ ಇರುವುದು ಇಂಥದ್ದೇ ಕಾರಣ.

ಇನ್ನೊಂದು ವಿಷಯ: ಡೀಸೆಲ್ ಎಂಜಿನ್ನಿನ ತಡೆ ಪೆಟ್ರೋಲ್ ಎಂಜಿನ್ನಿನಷ್ಟು ಬಲವಾಗಿರುವುದಿಲ್ಲ. ಹಾಗಾಗಿ ಮೇಲಿನ ಗೇರಿನಲ್ಲಿ ಇಳಿದರೆ ಸಾಲದು. ಯಲ್ಲಮ್ಮನಗುಡ್ಡದಂಥ ದಾರಿಯಲ್ಲಿ ಯಾವ ಗೇರಿನಲ್ಲಿ ಹತ್ತಿದ್ದೀರೋ ಅದೇ ಗೇರಿನಲ್ಲಿ ಇಳಿಯಿರಿ. ಇದು ಹಳೆಯ ಚಾಲಕರ ಮಾತು. ವಿಜ್ಞಾನವೂ ಇದನ್ನು ಒಪ್ಪುತ್ತದೆ.

ನಂಬಿಕೆ 2: ಎಂಜಿನ್ ಬಂದ್ ಇದ್ದರೂ ಬ್ರೇಕ್ ಇದೆಯಲ್ಲ, ಹಗ್ಗ ಕಟ್ಟಿ ಎಳೆದರೆ ಸಾಕು

ಇದು ಅರ್ಧ ಸತ್ಯ, ಮತ್ತು ಅಪಾಯಕಾರಿ ಅರ್ಧ ಸತ್ಯ. ಬ್ರೇಕ್ ಇರುತ್ತದೆ, ಆದರೆ ಅದರ ಬಲ ಇರುವುದಿಲ್ಲ. ಇಂಥ ವ್ಯಾನುಗಳಲ್ಲಿ ನಿಮ್ಮ ಕಾಲಿಗೆ ಸಹಾಯ ಮಾಡುವ ಬೂಸ್ಟರ್ ನಿರ್ವಾತದಿಂದ ಕೆಲಸ ಮಾಡುತ್ತದೆ. ಡೀಸೆಲ್ ಗಾಡಿಯಲ್ಲಿ ಆ ನಿರ್ವಾತ ಕೊಡುವುದು ಎಂಜಿನ್ ತಿರುಗಿಸುವ ಒಂದು ಪಂಪು. ಎಂಜಿನ್ ನಿಂತ ಮೇಲೆ ಉಳಿದ ನಿರ್ವಾತದಲ್ಲಿ ಒಂದೆರಡು ಬಾರಿ ಮಾತ್ರ ಬ್ರೇಕ್ ಹಗುರವಾಗಿ ಸಿಗುತ್ತದೆ. ಆಮೇಲೆ ಪೆಡಲ್ ಕಲ್ಲಿನಂತಾಗುತ್ತದೆ. ಪವರ್ ಸ್ಟೇರಿಂಗ್ ಇದ್ದರೆ ಅದೂ ಭಾರವಾಗುತ್ತದೆ. ಕೀಲಿ ತೆಗೆದರೆ ಕೆಲವು ಗಾಡಿಗಳಲ್ಲಿ ಸ್ಟೇರಿಂಗ್ ಲಾಕ್ ಕೂಡ ಬೀಳುತ್ತದೆ.

ಆದ್ದರಿಂದ ಎಳೆಸಿಕೊಳ್ಳುವ ಗಾಡಿಯಲ್ಲಿ ಲೈಸೆನ್ಸ್ ಇರುವ, ಅನುಭವಿ ಚಾಲಕ ಇರಬೇಕು. ಕಾನೂನು ಹೇಳುವುದೂ ಇದನ್ನೇ. ಎರಡು ಗಾಡಿಗಳ ನಡುವಿನ ಅಂತರ 5 ಮೀಟರ್ ಮೀರಬಾರದು, ಹಗ್ಗ ಬೇರೆಯವರಿಗೆ ಎದ್ದು ಕಾಣಬೇಕು, ವೇಗ ಗಂಟೆಗೆ 25 ಕಿ.ಮೀ. ಒಳಗಿರಬೇಕು. ಹಗ್ಗಕ್ಕೆ ಕೆಂಪು ಬಟ್ಟೆ ಕಟ್ಟುವ ರೂಢಿ ಒಳ್ಳೆಯದು. ಎಳೆಸಿಕೊಳ್ಳುವ ಗಾಡಿಯಲ್ಲಿ ಚಾಲಕನ ಹೊರತು ಯಾರೂ ಕೂರದಿರುವುದು ಇನ್ನೂ ಒಳ್ಳೆಯದು.

ಎರೆ ಮಣ್ಣಿನಲ್ಲಿ ಹೂತ ಗಾಡಿಯನ್ನು ಎಳೆಯುವಾಗ ಇನ್ನೂ ಎಚ್ಚರ ಬೇಕು. ಸಡಿಲ ಹಗ್ಗಕ್ಕೆ ಜೋರಾಗಿ ಝಾಡಿಸಿದರೆ ಹಗ್ಗ ಅಥವಾ ಕೊಕ್ಕೆ ತುಂಡಾಗಿ ಕವಣೆಯ ಕಲ್ಲಿನಂತೆ ಹಾರಬಹುದು. ಹಗ್ಗವನ್ನು ಬಂಪರಿಗೆ ಕಟ್ಟದೆ ಚಾಸಿಗೆ ಕಟ್ಟಿ. ಮೊದಲು ನಿಧಾನವಾಗಿ ಹಗ್ಗ ಬಿಗಿಯಾಗಲಿ, ನಂತರ ಎಳೆಯಿರಿ. ಮಕ್ಕಳು, ನೋಡುವವರು ಹಗ್ಗದ ಉದ್ದಕ್ಕಿಂತ ದೂರ ನಿಲ್ಲಲಿ.

ನಂಬಿಕೆ 3: ಟ್ರ್ಯಾಕ್ಟರ್ ಶಕ್ತಿವಂತ, ಟ್ರೇಲರ್‌ನಲ್ಲಿ ಎಷ್ಟು ಹೇರಿದರೂ ನಡೆಯುತ್ತದೆ

ತಪ್ಪು. ಎಳೆಯುವ ಶಕ್ತಿ ಬೇರೆ, ನಿಲ್ಲಿಸುವ ಶಕ್ತಿ ಬೇರೆ. ಹೊಲದ ಕೆಲಸದ ಅನೇಕ ಟ್ರೇಲರ್‌ಗಳಿಗೆ ತಮ್ಮದೇ ಆದ ಬ್ರೇಕ್ ಇರುವುದಿಲ್ಲ. ಇಳಿಜಾರಿನಲ್ಲಿ ಟ್ರ್ಯಾಕ್ಟರ್ ನಿಧಾನಿಸಿದರೆ ಹಿಂದಿನ ಭಾರ ಅದನ್ನು ಮುಂದಕ್ಕೆ ನೂಕುತ್ತದೆ. ನೂಕು ನೇರವಾಗಿ ಬರದೆ ಓರೆಯಾಗಿ ಬಂದರೆ ಟ್ರ್ಯಾಕ್ಟರ್ ಮತ್ತು ಟ್ರೇಲರ್ ಚಾಕು ಮಡಚಿದಂತೆ ಮಡಚಿಕೊಳ್ಳುತ್ತವೆ.

ಇನ್ನೊಂದು ಮರೆತುಹೋಗುವ ಸಂಗತಿ ಇದೆ. ಟ್ರ್ಯಾಕ್ಟರಿಗೆ ಎಡ, ಬಲ ಚಕ್ರಗಳಿಗೆ ಪ್ರತ್ಯೇಕ ಬ್ರೇಕ್ ಪೆಡಲ್ ಇರುತ್ತದೆ. ಹೊಲದಲ್ಲಿ ಸಣ್ಣ ಜಾಗದಲ್ಲಿ ತಿರುಗಿಸಲು ಈ ವ್ಯವಸ್ಥೆ. ರಸ್ತೆಗೆ ಬಂದಾಗ ಎರಡನ್ನೂ ಸೇರಿಸಿ ಲಾಕ್ ಹಾಕಲೇಬೇಕು. ಇಲ್ಲದಿದ್ದರೆ ಗಾಬರಿಯಲ್ಲಿ ಒಂದೇ ಪೆಡಲ್ ಒತ್ತಿದಾಗ ಟ್ರ್ಯಾಕ್ಟರ್ ಒಂದು ಬದಿಗೆ ತಿರುಗಿಬಿಡುತ್ತದೆ.

ಭಾರ ಹೇಗೆ ಇಡುತ್ತೇವೆ ಎಂಬುದೂ ಮುಖ್ಯ. ಒಂದು ಆಕ್ಸಲ್‌ನ ಟ್ರೇಲರ್‌ನ ಹಿಂಭಾಗಕ್ಕೆ ಭಾರ ತುಂಬಿದರೆ ಕೊಂಡಿಯ ಕಡೆ ಮೇಲಕ್ಕೆ ಎತ್ತಿದಂತಾಗಿ ಟ್ರೇಲರ್ ಬಾಲದಂತೆ ಅಲ್ಲಾಡುತ್ತದೆ. ವೇಗ ಹೆಚ್ಚಿದಷ್ಟೂ ಅಲ್ಲಾಟ ಹೆಚ್ಚು. ಭಾರವಾದ ಸಾಮಾನು ಕೆಳಗೆ, ಆಕ್ಸಲ್‌ಗಿಂತ ಸ್ವಲ್ಪ ಮುಂದಕ್ಕೆ ಇರಲಿ. ಹಾಗೆಂದು ಎಲ್ಲವನ್ನೂ ಮುಂದಕ್ಕೇ ತುಂಬಬೇಡಿ. ಕೊಂಡಿಯ ಮೇಲೆ ವಿಪರೀತ ಭಾರ ಬಿದ್ದರೆ ಟ್ರ್ಯಾಕ್ಟರಿನ ಮುಂದಿನ ಚಕ್ರಗಳು ಹಗುರಾಗಿ ಸ್ಟೇರಿಂಗ್ ಮಾತು ಕೇಳುವುದಿಲ್ಲ.

ಟ್ರೇಲರ್‌ನಲ್ಲಿ ಜನರನ್ನು ಕೂರಿಸುವುದು ಕಾನೂನಿಗೆ ವಿರುದ್ಧ. ಕೂತವರಿಗೆ ಹಿಡಿದುಕೊಳ್ಳಲು ಏನೂ ಇಲ್ಲ, ಉರುಳಿದರೆ ಕಾಪಾಡಲು ಛಾವಣಿಯೂ ಇಲ್ಲ. ಅಪಘಾತವಾದರೆ ವಿಮೆ ಪರಿಹಾರಕ್ಕೂ ತಕರಾರು ಬರುತ್ತದೆ.

ನಂಬಿಕೆ 4: ಡೀಸೆಲ್ ಹೊಗೆ ಕಣ್ಣು ಉರಿಸುತ್ತದೆ ಅಷ್ಟೇ, ಎಂಜಿನ್ ಚಾಲೂ ಇಟ್ಟು ಮಲಗಿದರೆ ಏನಾಗುತ್ತದೆ?

ತಪ್ಪು. ಡೀಸೆಲ್ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಪೆಟ್ರೋಲ್ ಹೊಗೆಗಿಂತ ಕಡಿಮೆ ಎಂಬುದು ನಿಜ. ಕಡಿಮೆ ಎಂದರೆ ಇಲ್ಲವೇ ಇಲ್ಲ ಎಂದಲ್ಲ. ಹಳೆಯ ಗಾಡಿಯ ಸೈಲೆನ್ಸರ್ ತುಕ್ಕು ಹಿಡಿದು ತೂತಾಗಿರುತ್ತದೆ, ನೆಲದ ತಗಡಿನಲ್ಲೂ ಸಂದುಗಳಿರುತ್ತವೆ. ಈ ಜಾತ್ರೆಗಳು ಚಳಿಗಾಲದವು. ಕಿಟಕಿ ಮುಚ್ಚಿ, ಚಾದರ ಹೊದ್ದು ಹತ್ತು ಜನ ಮಲಗಿದರೆ ಹೊಗೆ ಹೊರಗೆ ಹೋಗಲು ದಾರಿ ಇರುವುದಿಲ್ಲ.

ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ತಲೆನೋವು, ತಲೆಸುತ್ತು, ವಾಕರಿಕೆ, ಮಂಪರು ಇದರ ಲಕ್ಷಣಗಳು. ಪ್ರಯಾಣದಲ್ಲಿ ಇವನ್ನು 'ಗಾಡಿ ಆಗಿಬರಲಿಲ್ಲ' ಎಂದೋ 'ದೃಷ್ಟಿ ತಾಗಿದೆ' ಎಂದೋ ತಳ್ಳಿಹಾಕುವ ಸಾಧ್ಯತೆ ಹೆಚ್ಚು. ಗಾಡಿಯಲ್ಲಿದ್ದ ಒಬ್ಬರಿಗಿಂತ ಹೆಚ್ಚು ಜನರಿಗೆ ಒಟ್ಟಿಗೆ ತಲೆನೋವು ಬಂದರೆ ಅನುಮಾನಿಸಿ. ತಕ್ಷಣ ಎಲ್ಲರನ್ನೂ ಹೊರಗಿನ ಗಾಳಿಗೆ ತನ್ನಿ, 108ಕ್ಕೆ ಕರೆ ಮಾಡಿ. ನಿದ್ದೆಯಲ್ಲಿ ಇರುವವರಿಗೆ ಲಕ್ಷಣ ಗೊತ್ತಾಗುವುದೇ ಇಲ್ಲ. ಇದರ ನಿಜವಾದ ಅಪಾಯ ಇರುವುದು ಇಲ್ಲಿ.

ಚಳಿಗೆಂದು ಗಾಡಿಯೊಳಗೆ ಇದ್ದಿಲು ಕೆಂಡ ಇಡುವುದು ಎಂಜಿನ್ ಹೊಗೆಗಿಂತಲೂ ಅಪಾಯ. ಕೆಂಡದಲ್ಲಿ ಹೊಗೆ ಕಾಣುವುದಿಲ್ಲ, ಕಾರ್ಬನ್ ಮೊನಾಕ್ಸೈಡ್ ಮಾತ್ರ ಧಾರಾಳವಾಗಿ ಹೊರಬರುತ್ತದೆ. ಅಡುಗೆ ಅನಿಲ ಗಾಳಿಗಿಂತ ಭಾರ. ಸಿಲಿಂಡರ್ ಸೋರಿದರೆ ಅನಿಲ ಗಾಡಿಯ ನೆಲದಲ್ಲೇ, ಮಲಗಿದವರ ಮಟ್ಟದಲ್ಲೇ ಸಂಗ್ರಹವಾಗುತ್ತದೆ. ಒಲೆ ಹೊರಗೆ ಹಚ್ಚಿ. ಸಿಲಿಂಡರ್ ಕೂಡ ರಾತ್ರಿ ಹೊರಗಿರಲಿ.

ದೀರ್ಘಕಾಲದ ಹಾನಿಯೂ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಡೀಸೆಲ್ ಎಂಜಿನ್ ಹೊಗೆಯನ್ನು 2012ರಲ್ಲಿ ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು.

ನಂಬಿಕೆ 5: ಎಂಜಿನ್ ಕಾದರೆ ಕೂಡಲೇ ಮುಚ್ಚಳ ತೆಗೆದು ತಣ್ಣೀರು ಸುರಿಯಬೇಕು

ತಪ್ಪು. ರೇಡಿಯೇಟರ್ ಮುಚ್ಚಳ ಒಳಗಿನ ನೀರನ್ನು ಒತ್ತಡದಲ್ಲಿ ಹಿಡಿದಿಡುತ್ತದೆ. ನಮ್ಮ ಕುಕ್ಕರಿನಂತೆಯೇ. ಒತ್ತಡದಿಂದಾಗಿ ನೀರು 100 ಡಿಗ್ರಿ ದಾಟಿದರೂ ಕುದಿಯದೆ ಇರುತ್ತದೆ. ಮುಚ್ಚಳ ತೆಗೆದ ಕ್ಷಣ ಒತ್ತಡ ಬಿದ್ದು, ನೀರು ಒಮ್ಮೆಲೇ ಆವಿಯಾಗಿ ಮುಖಕ್ಕೆ, ಕೈಗೆ ಚಿಮ್ಮುತ್ತದೆ. ಸುಟ್ಟ ಗಾಯ ಆಳವಾಗಿರುತ್ತದೆ. ಇನ್ನು ಕಾದ ಲೋಹದ ಮೇಲೆ ತಣ್ಣೀರು ಬಿದ್ದರೆ ಒಂದು ಭಾಗ ಥಟ್ಟನೆ ಕುಗ್ಗಿ ಎಂಜಿನ್ ಹೆಡ್ ಬಿರುಕು ಬಿಡಬಹುದು. ಆ ದುರಸ್ತಿಯ ಖರ್ಚು ಪ್ರಯಾಣದ ಖರ್ಚನ್ನು ಮೀರಿಸುತ್ತದೆ.

ಮಾಡಬೇಕಾದ್ದು: ಗಾಡಿಯನ್ನು ಬದಿಗೆ ನಿಲ್ಲಿಸಿ, ಎಂಜಿನ್ ಬಂದ್ ಮಾಡಿ, ಕನಿಷ್ಠ ಅರ್ಧ ಗಂಟೆ ಬಿಡಿ. ಮೇಲಿನ ಹೋಸ್ ಪೈಪ್ ಮುಟ್ಟುವಷ್ಟು ತಣ್ಣಗಾದ ಮೇಲೆ ದಪ್ಪ ಬಟ್ಟೆ ಹಿಡಿದು ಮುಚ್ಚಳವನ್ನು ಸ್ವಲ್ಪ ಸ್ವಲ್ಪವಾಗಿ ತಿರುಗಿಸಿ. ನೀರನ್ನು ನಿಧಾನವಾಗಿ ಹಾಕಿ.

ಯಾವ ನೀರು ಎಂಬುದೂ ಮುಖ್ಯ. ಎರೆ ಸೀಮೆಯ ಬೋರ್‌ವೆಲ್ ನೀರು ಹಲವೆಡೆ ಸವಳು. ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುವಂತೆ ಅದು ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೂ ಕಟ್ಟುತ್ತದೆ. ಪ್ರತಿ ಬಾರಿ ಅದನ್ನೇ ತುಂಬಿದರೆ ಮುಂದಿನ ಬಾರಿ ಎಂಜಿನ್ ಇನ್ನೂ ಬೇಗ ಕಾಯುತ್ತದೆ. ಕೂಲೆಂಟ್ ಬಳಸಿ. ತುರ್ತಿಗೆ ಕುಡಿಯುವ ಶುದ್ಧ ನೀರಿನ ಒಂದು ಕ್ಯಾನ್ ಜೊತೆಗಿರಲಿ.

ಹಾಗಾದರೆ ಹಳೆ ಗಾಡಿಯಲ್ಲಿ ಹೋಗಲೇಬಾರದೇ?

ಹಾಗೇನಿಲ್ಲ. ಹತ್ತು ವರ್ಷ ದಾಟಿದ ಡೀಸೆಲ್ ಗಾಡಿ ರಸ್ತೆಗಿಳಿಯುವಂತಿಲ್ಲ ಎಂಬ ಸಂದೇಶ ವಾಟ್ಸ್ಆ್ಯಪ್‌ನಲ್ಲಿ ಆಗಾಗ ಸುತ್ತುತ್ತದೆ. ಅದರ ಮೂಲ ದೆಹಲಿ ಮತ್ತು ಸುತ್ತಲಿನ ರಾಜಧಾನಿ ಪ್ರದೇಶಕ್ಕೆ ಸಂಬಂಧಿಸಿದ ಹಸಿರು ನ್ಯಾಯಮಂಡಳಿಯ 2015ರ ಆದೇಶ. ಅದು ಧಾರವಾಡ ಜಿಲ್ಲೆಗೆ ಅನ್ವಯಿಸುವುದಿಲ್ಲ. ಇಲ್ಲಿ ಖಾಸಗಿ ಗಾಡಿಯ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಆರ್‌ಟಿಒ ತಪಾಸಣೆಯಲ್ಲಿ ಪಾಸಾದರೆ 5 ವರ್ಷಕ್ಕೊಮ್ಮೆ ನವೀಕರಿಸಬಹುದು. ಹಳದಿ ಫಲಕದ ಬಾಡಿಗೆ ಗಾಡಿಗೆ ಫಿಟ್‌ನೆಸ್ ಪತ್ರ ಕಡ್ಡಾಯ. ಎಂಟು ವರ್ಷ ದಾಟಿದ ಮೇಲೆ ಅದನ್ನು ಪ್ರತಿ ವರ್ಷ ಪಡೆಯಬೇಕು. ಗಾಡಿ ಬಾಡಿಗೆಗೆ ಹಿಡಿಯುವಾಗ ದರದ ಜೊತೆಗೆ ಈ ಪತ್ರವನ್ನೂ ಕೇಳಿ. ಕೇಳುವುದು ನಿಮ್ಮ ಹಕ್ಕು.

ಹೊರಡುವ ಹಿಂದಿನ ದಿನ ನೋಡಬೇಕಾದ್ದು

- ಬ್ರೇಕ್ ಎಣ್ಣೆ ಕೊನೆಯ ಬಾರಿ ಬದಲಿಸಿ ಎರಡು ವರ್ಷ ದಾಟಿದೆಯೇ? ದಾಟಿದ್ದರೆ ಬದಲಿಸಿ.
- ಎಂಜಿನ್ ಚಾಲೂ ಇದ್ದಾಗ ಗಾಡಿಯೊಳಗೆ ಹೊಗೆಯ ವಾಸನೆ ಬರುತ್ತಿದೆಯೇ? ಬಂದರೆ ಸೈಲೆನ್ಸರ್ ಸರಿಪಡಿಸದೆ ಹೊರಡಬೇಡಿ.
- ಸ್ಟೆಪ್ನಿ ಸೇರಿ ಎಲ್ಲ ಟೈರುಗಳಲ್ಲಿ ಗಾಳಿ ಇದೆಯೇ, ಬದಿಯಲ್ಲಿ ಬಿರುಕು ಇದೆಯೇ?
- ಕೂಲೆಂಟ್, ಫ್ಯಾನ್ ಬೆಲ್ಟ್, ಹೋಸ್ ಪೈಪ್ ಸರಿ ಇವೆಯೇ?
- ಟ್ರ್ಯಾಕ್ಟರಿನ ಬ್ರೇಕ್ ಪೆಡಲ್ ಲಾಕ್, ಟ್ರೇಲರ್ ಕೊಂಡಿಯ ಪಿನ್, ಹಿಂದಿನ ಕೆಂಪು ದೀಪ ಅಥವಾ ಪ್ರತಿಫಲಕ ಇವೆಯೇ?

ಇವುಗಳಲ್ಲಿ ಹೆಚ್ಚಿನವಕ್ಕೆ ಮೆಕ್ಯಾನಿಕ್ ಕೂಡ ಬೇಡ. ಮನೆಯವರೇ ಅರ್ಧ ಗಂಟೆಯಲ್ಲಿ ನೋಡಬಹುದು. ಬುತ್ತಿ ಕಟ್ಟಲು ಕೊಡುವ ಸಮಯದಲ್ಲಿ ಸ್ವಲ್ಪವನ್ನು ಗಾಡಿಗೂ ಕೊಡಿ.