ಪರಿಗಳ ಶಕ್ತಿ, ಪರಿಗಳ ಗಡಿ

ಕನ್ನಡದಲ್ಲಿ 'ಪರಿ' ಎಂದರೆ ಬಗೆ, ರೀತಿ. ಚಿಂಚೋಳಿ ತಾಲ್ಲೂಕಿನ ಚಿಮ್ಮನಚೋಡದಲ್ಲಿ ಬೆಳೆದ ನನಗಾದರೋ ಆ ಪದದ ಮೊದಲ ಅರ್ಥ ರೆಕ್ಕೆಯುಳ್ಳ ಹೆಣ್ಣು. 1948ರವರೆಗೆ ನಮ್ಮ ಸೀಮೆ ನಿಜಾಮರ ಆಳ್ವಿಕೆಯಲ್ಲಿತ್ತು. ಕಚೇರಿಯ ಭಾಷೆ ಉರ್ದು. ಮನೆಯಲ್ಲಿ ಕನ್ನಡವನ್ನೂ ಶಾಲೆಯಲ್ಲಿ ಉರ್ದುವನ್ನೂ ಕಲಿತಿದ್ದ ನಮ್ಮ ಮುತ್ಯಾ, ತೊಗರಿಯ ರಾಶಿ ಕಾಯುವ ರಾತ್ರಿಗಳಲ್ಲಿ ಅಮೀರ್ ಹಮ್ಜಾನ ಕಥೆ ಹೇಳುತ್ತಿದ್ದರು.

ಈ 'ದಾಸ್ತಾನ್' ಪಾರಸಿಯಿಂದ ನಮ್ಮ ದೇಶಕ್ಕೆ ಬಂದುದು. ಅಕ್ಬರ್ ಬಾದಶಹನು ಇದಕ್ಕೆ ಸುಮಾರು 1400 ಚಿತ್ರಗಳನ್ನು ಬರೆಯಿಸಿದನು. ಲಖನೌದ ನವಲ್ ಕಿಶೋರ್ ಮುದ್ರಣಾಲಯವು 1883ರಿಂದ 1917ರವರೆಗೆ ಉರ್ದುವಿನಲ್ಲಿ 46 ಸಂಪುಟಗಳಾಗಿ ಇದನ್ನು ಹೊರತಂದಿತು. ಇಷ್ಟು ದೊಡ್ಡ ಕಥಾಮಾಲೆಯಲ್ಲಿ ಪರಿಗಳ ಶಕ್ತಿ ಎಂಥದು?

ಮೊದಲು ಒಂದು ಭೇದವನ್ನು ಗಮನಿಸಬೇಕು. ದಾಸ್ತಾನಿನ ಜಾದುಗಾರನ ಬಲ ಕಲಿತ ವಿದ್ಯೆ. ಅವನು 'ತಿಲಿಸ್ಮ್' ಎಂಬ ಮಾಯಾಲೋಕವನ್ನೇ ಕಟ್ಟಬಲ್ಲ; ಆದರೆ ಅದನ್ನು ಒಡೆಯುವ ಉಪಾಯವೂ ಎಲ್ಲೋ ಒಂದು ಫಲಕದ ಮೇಲೆ ಬರೆದಿರುತ್ತದೆ. ಪರಿಯ ಬಲ ಹುಟ್ಟಿನಿಂದ ಬಂದುದು. ಹಕ್ಕಿಗೆ ಹಾರುವುದು ಹೇಗೋ ಅವಳಿಗೂ ಹಾಗೆ. ಮಂತ್ರ ಬೇಡ, ತಂತ್ರ ಬೇಡ. ಮನುಷ್ಯರು ನಡೆದು ಮುಟ್ಟಲಾಗದ ಕಾಫ್ ಪರ್ವತದ ನಾಡು ಅವಳ ತವರು.

ಆದರೂ ಆ ನಾಡಿನ ದೊರೆ ಶಾಹಪಾಲನು ಇಫ್ರೀತನೆಂಬ ದೈತ್ಯನಿಗೆ ಸೋಲುತ್ತಾನೆ. ಅವನನ್ನು ಉಳಿಸಲು ರೆಕ್ಕೆಯಿಲ್ಲದ ಮನುಷ್ಯನೊಬ್ಬನೇ, ಹಮ್ಜಾನೇ, ಬರಬೇಕಾಗುತ್ತದೆ. ಹಾರಬಲ್ಲವರಿಗೂ ನೆಲದವನ ನೆರವು ಬೇಕಾಯಿತು! ಹದಿನೆಂಟು ದಿನಗಳಲ್ಲಿ ಮರಳುವೆನೆಂದು ಹೇಳಿ ಹೊರಟ ಹಮ್ಜಾ ಅಲ್ಲಿ ಉಳಿದದ್ದು ಹದಿನೆಂಟು ವರ್ಷ. ದೊರೆಯ ಮಗಳು ಆಸ್ಮಾನ್ ಪರಿ ಅವನನ್ನು ಮದುವೆಯಾಗುತ್ತಾಳೆ; ಊರಿಗೆ ಕಳುಹಿಸಲು ಮಾತ್ರ ಒಪ್ಪುವುದಿಲ್ಲ. ಇತ್ತ ಭೂಮಿಯ ಮೇಲೆ ಮೆಹರ್ ನಿಗಾರ್ ಅವನಿಗಾಗಿ ಕಾಯುತ್ತಿರುತ್ತಾಳೆ.

ನಮ್ಮ ಊರ್ವಶಿಯನ್ನು ನೆನೆಯಿರಿ. ಷರತ್ತು ಮುರಿದೊಡನೆ ಅವಳು ಪುರೂರವನನ್ನು ತೊರೆದು ಕಣ್ಮರೆಯಾಗುತ್ತಾಳೆ. ಅಲ್ಲಿ ಅಳುವವನು ಮನುಷ್ಯ. ಇಲ್ಲಿ ಹೋಗಬೇಕೆನ್ನುವವನು ಮನುಷ್ಯ, ಬಿಡಲಾರದವಳು ಪರಿ. ಅವಳು ದಾರಿ ಕಟ್ಟಬಲ್ಲಳು, ಹೊತ್ತೊಯ್ಯುವವರನ್ನು ತಡೆಯಬಲ್ಲಳು. ಅವನೊಳಗಿನ ಊರಿನ ನೆನಪನ್ನು ಅಳಿಸಲಾರಳು.

ಈ ಭಾಗ ಬಂದಾಗಲೆಲ್ಲ ನಮ್ಮ ಅವ್ವ ಬೀಸುವ ಕೈ ನಿಲ್ಲಿಸುತ್ತಿದ್ದಳು. ಸುಗ್ಗಿಗೆ ಬರುವೆನೆಂದು ಹೇಳಿ ದುಡಿಯಲು ಮುಂಬಯಿಗೆ ಹೋದ ನನ್ನ ಅಪ್ಪ, ಮೂರು ಸುಗ್ಗಿ ಕಳೆದರೂ ಬಂದಿರಲಿಲ್ಲ. ಒಮ್ಮೆ ನಾನು ಕೇಳಿದೆ: "ಮುತ್ಯಾ, ಅಷ್ಟು ಶಕ್ತಿ ಇದ್ದಾಕಿ ಅವನ ಮನಸ್ಸ ಯಾಕ ತಿರುಗಿಸಲಿಲ್ಲ?"

"ಅದೊಂದು ಆಕಿ ಕೈಯಾಗ ಇರಲಿಲ್ಲ, ತಮ್ಮಾ. ಅದಕ್ಕ ಅಂವಾ ತಿರುಗಿ ಬಂದ," ಎಂದರು ಮುತ್ಯಾ, ಅವ್ವನಿಗೂ ಕೇಳುವಂತೆ.

ಅದ್ಭುತ ಕಥೆಗಳಲ್ಲಿ ಮಾಯೆಗೆ ಗಡಿ ಏಕಿರಬೇಕೆಂದು ಮುಂದೆ ಎಷ್ಟೋ ಪುಸ್ತಕಗಳಲ್ಲಿ ಓದಿದೆ. ಗಡಿಯಿಲ್ಲದ ಶಕ್ತಿಯಿರುವಲ್ಲಿ ಕಾಯುವುದಕ್ಕೂ ಮರಳುವುದಕ್ಕೂ ಅರ್ಥವಿಲ್ಲ. ಅಂದು ರಾತ್ರಿ ಬೀಸುವ ಕಲ್ಲು ಮತ್ತೆ ತಿರುಗತೊಡಗಿದಾಗಲೇ ನನಗದು ತಿಳಿದಿತ್ತು. ಅಪ್ಪ ಬಂದದ್ದು ಐದನೆಯ ಸುಗ್ಗಿಗೆ.